ಮಗಳಿಗೊಂದು ಪತ್ರ: ಆ ತೋಟದಲ್ಲಿ ಒಂದು ಗಿಡವೂ ನಿನ್ನದಲ್ಲ

ಮೂಡಿಗೆರೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, "ಅಪ್ಪಾ, ಕಾಫಿ ಕಂಪನಿ ಷೇರು ತಗೊಂಡೆ, ಇನ್ಮೇಲೆ ನಾನೂ ತೋಟದ ಒಡತಿ" ಅಂತ. ಅಮ್ಮ ನಕ್ಕಳು. ನನಗೆ ರಾತ್ರಿಯೆಲ್ಲ ಅದೇ ತಲೆಯಲ್ಲಿ.

ಆ ತೋಟದಲ್ಲಿ ಒಂದು ಗಿಡವೂ ನಿನ್ನದಲ್ಲ. ಬೇಲಿ ದಾಟಿ ನಾಲ್ಕು ಹಣ್ಣು ಕಿತ್ತರೆ ವಾಚರ್ ಹಿಡಿದು ಕೂರಿಸುತ್ತಾನೆ. ಸುಮ್ನೆ ಹೇಳುತ್ತಿಲ್ಲ. ಮುಂಬಯಿಯ ಬಾಚಾ ಗುಜ್ದರ್ ಎಂಬವರು ಟೀ ಕಂಪನಿಗಳ ಷೇರು ಇಟ್ಟಿದ್ದರು. ಆ ಕಂಪನಿಗಳ ಆದಾಯದಲ್ಲಿ ನೂರಕ್ಕೆ 60 ಭಾಗ ಕೃಷಿಯದು ಅಂತ ಲೆಕ್ಕ, ಅದಕ್ಕೆ ಕೇಂದ್ರದ ತೆರಿಗೆ ಇರಲಿಲ್ಲ. ಹಾಗಾದರೆ ನನ್ನ ಡಿವಿಡೆಂಡಿನಲ್ಲೂ, ಅಂದರೆ ಕಂಪನಿ ಷೇರುದಾರರಿಗೆ ಹಂಚುವ ಲಾಭದಲ್ಲೂ, 60 ಭಾಗ ಬೇಸಾಯದ ದುಡ್ಡೇ ಅಲ್ವಾ ಎಂದು ಅವರ ವಾದ. 1954ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜಮೀನು ಕಂಪನಿಯದು, ಷೇರುದಾರರದಲ್ಲ. ಡಿವಿಡೆಂಡ್ ಬರುವುದು ಷೇರಿನಿಂದ, ನೆಲದಿಂದಲ್ಲ ಎಂದಿತು.

ಮತ್ತೆ ನಿನ್ನ ಕೈಲಿರುವುದೇನು? ನಮ್ಮ ಲೆಕ್ಕದ ಪುಸ್ತಕ ನೆನಪಿಸಿಕೊ. ಆಳಿನ ಸಂಬಳ, ಗೊಬ್ಬರ, ನೆರಳಿನ ಮರ ಸವರುವ ಮರಗಸಿ, ಬ್ಯಾಂಕಿನ ಬಡ್ಡಿ ಎಲ್ಲ ಕಳೆದು ಉಳಿದರೆ ಉಳಿಯಿತು. ಆ ಉಳಿಕೆಯಲ್ಲಿ ನಿನಗೊಂದು ಪಾಲು. ಅದನ್ನು ಹಂಚಬೇಕೋ, ಹೊಸ ಗಿಡ ಹಾಕಬೇಕೋ ಅಂತ ಮೊದಲು ತೀರ್ಮಾನಿಸುವವರು ನಿರ್ದೇಶಕರು. ನಿನಗೂ ವೋಟು ಇದೆ, ನಿಜ. ಹತ್ತು ಷೇರಿನ ವೋಟಿಗೆ ಯಾರು ಹೆದರುತ್ತಾರೆ!

ಒಂದು ವಿಷಯದಲ್ಲಿ ನೀನು ನನಗಿಂತ ಗಟ್ಟಿ. ಕಂಪನಿ ಮುಳುಗಿದರೆ ಹಾಕಿದ ದುಡ್ಡು ಹೋಗುತ್ತದೆ, ಅಷ್ಟೇ. ಅದಕ್ಕೆ ಸಾಲ ಕೊಟ್ಟವರು ನಿನ್ನ ಬಾಗಿಲಿಗೆ ಬರುವಂತಿಲ್ಲ. ನನ್ನ ಬೆಳೆಸಾಲಕ್ಕೆ ತೋಟವೇ ಅಡವು.

ಇನ್ನು ಬೆಲೆ. ನೀನು ಕೊಟ್ಟ ದುಡ್ಡು ಕಂಪನಿಗೆ ಹೋಗಲೇ ಇಲ್ಲ, ಷೇರು ಮಾರಿದವರಿಗೆ ಹೋಯಿತು. ಅವರು ಸಾಕು ಅಂದರು, ನೀನು ಬೇಕು ಅಂದೆ. ಪಕ್ಕದ ತೋಟ ಮಾರಾಟಕ್ಕೆ ಬಂದರೆ ನಾವು ಈ ವರ್ಷದ ಫಸಲೊಂದನ್ನೇ ನೋಡುತ್ತೇವಾ? ಗಿಡದ ವಯಸ್ಸು, ನೀರು, ಕಾಂಡ ಕೊರೆಯುವ ಬೋರರ್ ಹುಳ, ಮುಂದೆ ಹತ್ತು ಹದಿನೈದು ವರ್ಷ ಏನು ಉಳಿಸೀತು ಅಂತ ನೋಡುತ್ತೇವೆ. ಷೇರಿಗೂ ಅದೇ. ಡಿವಿಡೆಂಡ್ ಕೊಡದ ಕಂಪನಿಗೂ ಬೆಲೆ ಇರುತ್ತದೆ, ಎಳೆ ಗಿಡದ ತೋಟವನ್ನು ಯಾರೂ ಬಿಟ್ಟಿ ಕೊಡುವುದಿಲ್ಲವಲ್ಲ. ಮೊಬೈಲಿನಲ್ಲಿ ಏರಿಳಿಯುವ ಅಂಕಿ ಆ ಉಳಿಕೆಯ ಬಗ್ಗೆ ಜನರ ಅಂದಾಜು. ನಮ್ಮ ತೋಟಕ್ಕೆ ನಿಮಿಷಕ್ಕೊಂದು ರೇಟು ಕೂಗುವವರಿಲ್ಲ, ಪುಣ್ಯ.

ಹೂಮಳೆ ಇನ್ನೂ ಬಂದಿಲ್ಲ. ನಿನ್ನ ಕಂಪನಿಯ ವಾರ್ಷಿಕ ವರದಿ ಇದ್ದರೆ ಕಳಿಸು. ಬೋರರ್‌ಗೆ ಅವರೇನು ಮಾಡುತ್ತಿದ್ದಾರೆ ನೋಡಬೇಕು.

ಅಪ್ಪ