ಅರ್ಧ ದುಡ್ಡು ರಾಜ್ಯದ್ದು, ಇನ್ನರ್ಧಕ್ಕೆ ನಿಮ್ಮ ಕೈ ಬೇಕು

ಆತ್ಮೀಯರೇ, ನಮಸ್ಕಾರ.

ಹಳೆಯ ಜೋಳದ ಹೊಲದ ಹಿಂದಿನ ಕಾಡು ನಿಮಗೆ ಗೊತ್ತು ಅಲ್ವಾ? ಹೋದ ಮಾರ್ಚ್‌ನಲ್ಲಿ ಮಾಲೀಕರನ್ನು ಕೇಳಿಕೊಂಡು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಹಿಮ ಕರಗಿ ತಗ್ಗಿನಲ್ಲಿ ನೀರು ನಿಂತಿತ್ತು. ಮೊಣಕಾಲುದ್ದವೂ ಇಲ್ಲ. ಒಬ್ಬಳು ಪುಟ್ಟ ಹುಡುಗಿ ಕುಕ್ಕರಗಾಲಲ್ಲಿ ಕೂತವಳು ಏಳಲೇ ಇಲ್ಲ. ನೀರೊಳಗೆ ಒಂದು ಕಡ್ಡಿಗೆ ಕಪ್ಪೆಯ ಮೊಟ್ಟೆಗಳು ಅಂಟಿಕೊಂಡಿದ್ದವು, ನೆನೆಸಿಟ್ಟ ಕಾಮಕಸ್ತೂರಿ ಬೀಜದ ಹಾಗೆ. ಬೇಸಿಗೆಯಲ್ಲಿ ಆ ನೀರು ಇಂಗಿ ಹೋಗುತ್ತದೆ. ಅದಕ್ಕೇ ಅಲ್ಲಿ ಮೀನಿಲ್ಲ. ಮೀನಿಲ್ಲದ್ದಕ್ಕೇ ಮೊಟ್ಟೆ ಉಳಿಯುತ್ತದೆ. ಮನೆ ಕಟ್ಟುವವರಿಗೆ ಅದು ಮಣ್ಣು ಸುರಿದು ಮುಚ್ಚಬೇಕಾದ ಹೊಂಡ, ಅಷ್ಟೆ.

ಆ ಜಾಗ ಈಗ ಮಾರಾಟಕ್ಕಿದೆ. ಕಾಡು, ಬಯಲು ಕೊಂಡು ಉಳಿಸುವ ನಮ್ಮ ಟ್ರಸ್ಟ್‌ಗೇ ಕೊಡಲು ಮಾಲೀಕರು ಒಪ್ಪಿದ್ದಾರೆ, ಸ್ವಲ್ಪ ಸಮಯವನ್ನೂ ಕೊಟ್ಟಿದ್ದಾರೆ.

ಅಮೆರಿಕದ ರಾಜ್ಯಗಳಲ್ಲಿ ಚದರ ಮೈಲಿಗೆ ಅತಿ ಜಾಸ್ತಿ ಜನ ಇರುವುದು ನಮ್ಮ ನ್ಯೂಜೆರ್ಸಿಯಲ್ಲೇ. ಇಲ್ಲಿ ಬಯಲು ಸುಮ್ನೆ ಉಳಿಯುವುದಿಲ್ಲ. ಇದನ್ನು ಅರಿತೇ ರಾಜ್ಯ 1961ರಲ್ಲಿ, ಇಂಥ ಜಾಗ ಕೊಂಡು ಉಳಿಸಲು ದುಡ್ಡು ಕೊಡುವ ಗ್ರೀನ್ ಏಕರ್ಸ್ ಯೋಜನೆ ಶುರುಮಾಡಿತು. 2014ರಲ್ಲಿ ಮತದಾರರು ಕಂಪನಿಗಳ ತೆರಿಗೆಯಲ್ಲೂ ಒಂದು ಪಾಲನ್ನು ಇಂಥ ಕೆಲಸಕ್ಕೆ ಎತ್ತಿಟ್ಟರು. ನಮ್ಮಂಥ ಟ್ರಸ್ಟ್‌ಗಳು ಜಾಗ ಕೊಳ್ಳುವಾಗ ಗ್ರೀನ್ ಏಕರ್ಸ್ ಅರ್ಧದವರೆಗೆ ದುಡ್ಡು ಕೊಡುತ್ತದೆ. ಇನ್ನರ್ಧವನ್ನು ನಾವೇ ಹೊಂದಿಸಬೇಕು. ನಾವು ಒಂದು ಡಾಲರ್ ಮುಂದಿಟ್ಟರೆ ಅವರದ್ದೂ ಒಂದು ಬರುತ್ತದೆ, ಇಡದಿದ್ದರೆ ಇಲ್ಲ. ಮಂಜೂರಾಗಬಹುದಾದ ಹಣ ನಮ್ಮ ಪಾಲು ಸೇರದ್ದಕ್ಕೆ ಕೈತಪ್ಪಿದರೆ ನನಗಂತೂ ತಡೆಯಲಾಗದು.

ಈ ಹಣದ ಜೊತೆ ಷರತ್ತೂ ಬರುತ್ತದೆ. ಅದೇ ನನಗೆ ಹೆಚ್ಚು ಇಷ್ಟ. ಜಾಗ ಎಲ್ಲರಿಗೂ ತೆರೆದಿರಬೇಕು, ಟ್ರಸ್ಟ್‌ನ ಸದಸ್ಯರಿಗೆ ಮಾತ್ರ ಅಲ್ಲ. ಮುಂದೆ ಯಾರಾದರೂ ಅದನ್ನು ಬೇರೆ ಕೆಲಸಕ್ಕೆ ಬಳಸಬೇಕೆಂದರೆ ರಾಜ್ಯದ ಪರಿಸರ ಇಲಾಖೆಯ ಕಮಿಷನರ್ ಮತ್ತು ಸರ್ಕಾರಿ ಆಸ್ತಿಯ ವ್ಯವಹಾರ ನೋಡುವ ಸ್ಟೇಟ್ ಹೌಸ್ ಕಮಿಷನ್ ಇಬ್ಬರೂ ಒಪ್ಪಬೇಕು. ನಾಳೆ ನಮ್ಮ ಕಮಿಟಿ ಬದಲಾದರೂ ಕಾಡಿಗೆ ಕಾವಲು ಇರುತ್ತದೆ.

ಹತ್ತು ಡಾಲರ್ ಆದರೂ ಸರಿ, ಸಾವಿರ ಆದರೂ ಸರಿ. ಟ್ರಸ್ಟ್ ಹೆಸರಿಗೆ ಚೆಕ್ ಬರೆದು ಖಜಾಂಚಿಯವರಿಗೆ ತಲುಪಿಸಿ, ಎಲ್ಲದಕ್ಕೂ ರಶೀದಿ ಕೊಡುತ್ತೇವೆ. ಖರೀದಿ ಆಗದೇ ಹೋದರೆ ನಿಮ್ಮ ಹಣ ನಿಮಗೇ ವಾಪಸ್.

ಕೊಡುವ ಮುಂಚೆ ಜಾಗ ನೋಡಬೇಕು ಅನ್ನಿಸಿದರೆ ಖಂಡಿತ ಬನ್ನಿ. ಶನಿವಾರ ಬೆಳಿಗ್ಗೆ ನಾವು ಅಲ್ಲೇ ಇರುತ್ತೇವೆ. ಉದ್ದ ಪ್ಯಾಂಟ್ ಹಾಕಿಕೊಂಡು ಬನ್ನಿ, ಹುಲ್ಲಿನಲ್ಲಿ ಉಣುಗು ಜಾಸ್ತಿ. ಮಕ್ಕಳನ್ನೂ ಕರೆತನ್ನಿ.