ಪುಟ್ಟಿಯನ್ನು ಸ್ಟೇಜ್ ಹತ್ತಿಸಬೇಡ

ಮಡಿಕೇರಿ

ಪ್ರೀತಿಯ ಮಗಳೇ,

ಗೇಟಿನ ಹತ್ತಿರವೇ ನೀನು ಬರೆದ ಮಕ್ಕಳ ಚಿತ್ರಪುಸ್ತಕ ಇಟ್ಟು ಹೋಗಿದ್ದೀಯ. ಬೆಲ್ ಒತ್ತಿದ್ದರೆ ಏನಾಗುತ್ತಿತ್ತು? ನಮ್ಮ ನಾಯಿಗೆ ಹಲ್ಲೇ ಇಲ್ಲ.

ಒಳಗಿದ್ದ ವಿಮರ್ಶೆಯ ಪೇಪರ್ ಕಟಿಂಗ್ ಕೂಡ ಓದಿದೆ. ನಾಚಿಕೆಯ ಹುಡುಗಿ ಪುಟ್ಟಿ ಕೊನೆಗೂ ಬದಲಾಗುವುದಿಲ್ಲ, ಮಕ್ಕಳಿಗೆ ಧೈರ್ಯ ತುಂಬುವ ಸಂದೇಶ ಇಲ್ಲ ಅಂತ ಬರೆದಿದ್ದಾರೆ. ಅಷ್ಟಕ್ಕೇ ನೀನು, ಎರಡನೇ ಮುದ್ರಣದಲ್ಲಿ ಪುಟ್ಟಿ ಸ್ಟೇಜ್ ಹತ್ತಿ ಹಾಡಲಿ ಅಂತ ಹೊರಟಿದ್ದೀಯ. ಬೇಡ ಮಾರಾಯ್ತಿ.

ನಾನು ಹಾಗೆ ಮಾಡಿ ಕೆಟ್ಟವಳು. ನನ್ನ ಮೊದಲ ಪುಸ್ತಕದ ಹುಡುಗ ಮಾತೇ ಆಡುತ್ತಿರಲಿಲ್ಲ. ಸಂಪಾದಕರೊಬ್ಬರು ಕೊನೆಯ ಪುಟದಲ್ಲಿ ಅವನಿಂದ ಭಾಷಣ ಮಾಡಿಸಿ ಅಂದರು. ಮಾಡಿಸಿದೆ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಒಂದು ಶಾಲೆಗೆ ಕರೆದರು. ನಾನು ಓದಿ ಮುಗಿಸಿದ್ದೇ ತಡ, ಟೀಚರ್ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನನ್ನು ಎಳೆದು ತಂದು, 'ನೋಡು, ನೀನೂ ಹಾಗೇ ಮಾತಾಡು' ಅಂದರು. ಅವನು ಶರ್ಟಿನ ಗುಂಡಿ ತಿರುಗಿಸುತ್ತಾ ನಿಂತ. ತಿರುಗಿಸಿದ, ತಿರುಗಿಸಿದ, ದಾರ ಕಿತ್ತು ಗುಂಡಿ ಕೆಳಗೆ ಬಿತ್ತು. ಎಲ್ಲರೂ ನಕ್ಕರು. ಆ ಸಂಪಾದಕರ ಮೇಲೆ ಇವತ್ತಿಗೂ ಸಿಟ್ಟಿದೆ. ಆದರೆ ಅವತ್ತು ನಾನೂ ನಕ್ಕೆ ಅಲ್ವಾ.

ನಿನ್ನ 14ನೇ ಪುಟ! ನಮ್ಮ ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ರಾತ್ರಿ, ಕದಿರು ತರಲು ಎಲ್ಲರೂ ಗದ್ದೆಗೆ ಹೊರಟಿದ್ದಾರೆ. ಪುಟ್ಟಿ ಅಜ್ಜಿಯ ಸೀರೆಯ ಹಿಂದೆ. ಕಾಣುವುದು ಒಂದು ಕಣ್ಣು, ಐದು ಕಾಲ್ಬೆರಳು. ಎಷ್ಟು ಹೊತ್ತು ನೋಡಿದೆನೋ. ಅದರ ಕೆಳಗೆ 'ಪುಟ್ಟಿಗೆ ತುಂಬಾ ನಾಚಿಕೆ' ಅಂತ ಯಾಕೆ ಬರೆದೆ? ಚಿತ್ರ ಹೇಳಿದ ಮೇಲೆ ನೀನು ಸುಮ್ನೆ ಇರಬೇಕು. ಇರುವುದೇ 32 ಪುಟ. ಮುಟ್ಟಿದರೆ ಮುನಿ ಗಿಡವನ್ನೂ ಕಿತ್ತು ಹಾಕು, ನಾಚಿಕೆ ಅಂದ ಕೂಡಲೇ ಎಲ್ಲರೂ ಅದನ್ನೇ ತರುತ್ತಾರೆ. ವಿಮರ್ಶಕರು ಬೈಯಬೇಕಿದ್ದದ್ದು ಇದಕ್ಕೆ. ಅವರ ಕಣ್ಣಿಗೇ ಬಿದ್ದಿಲ್ಲ.

ಇದೇ ಮಡಿಕೇರಿಯಲ್ಲಿ ಹೆಡ್‌ಮಾಸ್ಟರಾಗಿದ್ದ ಪಂಜೆ ಮಂಗೇಶರಾಯರು 'ಕವಿಶಿಷ್ಯ' ಅನ್ನುವ ಹೆಸರಿನ ಹಿಂದೆ ನಿಂತು ಬರೆದವರು. ಅದೂ ಒಂದು ಅಜ್ಜಿಯ ಸೀರೆಯೇ ಅನ್ನು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರಿಗೆ 60 ವರ್ಷ. ಪುಟ್ಟಿಗೆ ಇನ್ನೂ ಆರು. ಏನು ಅವಸರ?

ರಾಯಲ್ಟಿ ಬಗ್ಗೆ ಕೇಳಿದ್ದೀಯ. ನನಗೇ ಯಾರೂ ಸರಿಯಾಗಿ ಕೊಟ್ಟಿಲ್ಲ, ಬಿಡು.

ಭಾನುವಾರ ಬಾ. ಕಣದಲ್ಲಿ ಕಾಫಿ ಒಣಗುತ್ತಿದೆ. ಮಾತಾಡಲು ಮನಸ್ಸಾಗದಿದ್ದರೆ ಅದನ್ನೇ ಕೆದಕುತ್ತಾ ಇರು, ನನಗೂ ಒಂದು ಕೆಲಸ ಕಮ್ಮಿಯಾಗುತ್ತದೆ.

ಇತಿ,
ನಿನ್ನ ದೊಡ್ಡಮ್ಮ