ಶಿಕ್ಷಾವಲ್ಲಿಯ ಅರ್ಥವನ್ನೂ ಹೇಳಿಕೊಡಿ

ಸಂಪಾದಕರೇ,

ಉಪನಿಷತ್ತು ಅಂದರೆ ನಿವೃತ್ತರಾದ ಮೇಲೆ ಓದುವುದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ತೈತ್ತಿರೀಯ ಉಪನಿಷತ್ತಿನ ಮೊದಲ ಭಾಗವಾದ ಶಿಕ್ಷಾವಲ್ಲಿಯ 11ನೇ ಅನುವಾಕವನ್ನು, ಅಂದರೆ 11ನೇ ಖಂಡವನ್ನು, ಒಮ್ಮೆ ನೋಡಿ. ಓದು ಮುಗಿಸಿದ ಶಿಷ್ಯನಿಗೆ ಗುರು ಹೇಳುವ ಮಾತುಗಳವು. ‘ಸತ್ಯಂ ವದ’, ‘ಮಾತೃದೇವೋ ಭವ’ ಎಲ್ಲರಿಗೂ ಗೊತ್ತು, ಶಾಲೆಯ ಗೋಡೆ ಮೇಲೂ ಬರೆದಿರುತ್ತಾರೆ. ಅಲ್ಲೇ ಮುಂದೆ ‘ಯಾನ್ಯಸ್ಮಾಕಂ ಸುಚರಿತಾನಿ, ತಾನಿ ತ್ವಯೋಪಾಸ್ಯಾನಿ, ನೋ ಇತರಾಣಿ’ ಎಂದೂ ಇದೆ. ನಮ್ಮ ನಡತೆಯಲ್ಲಿ ಒಳ್ಳೆಯದು ಯಾವುದಿದೆಯೋ ಅದನ್ನಷ್ಟೇ ಅನುಸರಿಸು, ಉಳಿದದ್ದನ್ನು ಬಿಡು ಎಂದು ಗುರುವೇ ಬಾಯಿಬಿಟ್ಟು ಹೇಳುತ್ತಾನೆ. ಎಷ್ಟು ದೊಡ್ಡ ಮನಸ್ಸು ಅಲ್ವಾ! ದೊಡ್ಡವರು ಹೇಳಿದ್ದನ್ನೆಲ್ಲ ಸುಮ್ನೆ ಒಪ್ಪಿಕೊಳ್ಳಬೇಕು ಎನ್ನುವವರು ಇದನ್ನು ಓದಲೇಬೇಕು.

ದಾನದ ಮಾತೂ ಅಲ್ಲೇ ಇದೆ. ‘ಹ್ರಿಯಾ ದೇಯಮ್’, ಅಂದರೆ ದೊಡ್ಡಸ್ತಿಕೆ ತೋರಿಸದೆ, ವಿನಯದಿಂದ ಕೊಡು. ನೆರೆ ಬಂದಾಗ ಒಂದು ಅಕ್ಕಿ ಚೀಲ ಕೊಟ್ಟು, ತೆಗೆದುಕೊಂಡವರ ಮುಖ ಕಾಣುವ ಹಾಗೆ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವ ಈ ಕಾಲಕ್ಕೆ ಇದಕ್ಕಿಂತ ನೇರವಾದ ಪಾಠ ನನಗಂತೂ ಕಾಣಲಿಲ್ಲ.

ಬರೀ ಬಾಯಿಪಾಠ ಮಾಡಿಸಿದರೆ ಇದು ದಕ್ಕುವುದಿಲ್ಲ. ಬೇಸಿಗೆ ಶಿಬಿರ ನಡೆಸುವ ಮಠ, ಸಂಘಗಳು ಜಾತಿ ನೋಡದೆ ಎಲ್ಲ ಹುಡುಗ ಹುಡುಗಿಯರನ್ನೂ ಕೂರಿಸಿಕೊಂಡು ಈ ಒಂದು ಅನುವಾಕದ ಅರ್ಥವನ್ನು ಕನ್ನಡದಲ್ಲಿ ಹೇಳಲಿ, ಅವರು ಪ್ರಶ್ನೆ ಕೇಳಿದರೆ ಉತ್ತರವನ್ನೂ ಕೊಡಲಿ.

– ಓದುಗರೊಬ್ಬರು, ಸಾಗರ